ಚೀಟಿಯಿಲ್ಲದ ಲೋಟ

ಕಾಯಾನಿಯಲ್ಲಿ ಜನವರಿ ಎಂದರೆ
ಬೆಳಗಿನ ಎಂಟೂವರೆಗೂ ಕಿಟಕಿಯಲ್ಲಿ ಕಾಣುವುದು
ನನ್ನದೇ ಮುಖ, ಅದರ ಹಿಂದೆ ಸೈಕಲ್ಲು.
ಚಕ್ರವಿಲ್ಲದ ಸೈಕಲ್ಲು; ಎಷ್ಟು ತುಳಿದರೂ
ಪ್ರಯೋಗಾಲಯದ ಹೊಸ್ತಿಲು ದಾಟುವುದಿಲ್ಲ.

ನನ್ನ ಕೆಲಸ ಇಷ್ಟೇ: ಮುಚ್ಚಿ ಬಂದ ಪೊಟ್ಟಣ ಒಡೆದು
ಬಿಸಿನೀರು ಹುಯ್ದು ಕೈಗೆ ಕೊಡುವುದು.
ನಾಲ್ಕು ವಾರ, ನಾಲ್ಕು ಪೊಟ್ಟಣ,
ಎರಡು ಅಸಲಿ, ಎರಡು ಕೆಫೀನ್ ಹಿಂಡಿ ತೆಗೆದ ಪೊಳ್ಳು.
ಯಾವುದು ಯಾವುದೆಂದು ಕುಡಿಯುವವನಿಗೆ ಗೊತ್ತಿಲ್ಲ,
ನನಗೂ ಗೊತ್ತಿಲ್ಲ.
ಗೊತ್ತಿರುವ ಲಕೋಟೆ ಔಲು ಊರಿನ ಬೀರುವಿನಲ್ಲಿ
ಏಪ್ರಿಲ್ ತನಕ ಮಲಗಿರುತ್ತದೆ.
ಕಣ್ಣು ಕಟ್ಟಿದವಳ ಕೈಯಿಂದ ಕಣ್ಣು ಕಟ್ಟಿದವನ ಕೈಗೆ
ಹಬೆಯಾಡುವ ಲೋಟ.

ತೈಸ್ತೊ ಬಂದ. ಮರದ ದಿಮ್ಮಿಯ ಲಾರಿ ಓಡಿಸಿದ್ದು
ಮೂವತ್ತನಾಲ್ಕು ವರ್ಷ, ದಿನಕ್ಕೆ ಒಂಬತ್ತು ಲೋಟ.
ನಿಯಮದಂತೆ ಎರಡು ದಿನ ಬಿಟ್ಟಿದ್ದ.
ಹಣೆ ಹಿಡಿದು ಕೂತ:
"ತಲೆಯೊಳಗೆ ಯಾರೋ ಗರಗಸ ಓಡಿಸ್ತಿದ್ದಾರೆ, ಸೈಮಿ.
ಇಂಥವನಿಗೆ ಕಾಫಿ ಕೊಟ್ಟು, ನೋಡು ಬಲ ಬಂತು ಅನ್ನೋದು
ಜೇಬಿಂದ ಕಿತ್ತುಕೊಂಡ ದುಡ್ಡನ್ನೇ
ಇನಾಮು ಕೊಟ್ಟ ಹಾಗಲ್ಲವಾ?"
ಬರೆದುಕೊಳ್ಳಲಿಲ್ಲ ನಾನು. ಅದಕ್ಕೆ ಅಂಕಣವಿರಲಿಲ್ಲ.

ಮೊದಲು ಮಲಗಿಸಿ, ಮುಖದ ಮೇಲೆ ಗಾಜಿನಂಥ ಗುಮ್ಮಟ.
ಸುಮ್ಮನೆ ಮಲಗಿದ ದೇಹವೂ ಸುಮ್ಮನಿರುವುದಿಲ್ಲ,
ಬೂದಿಯಡಿಯ ಕೆಂಡದಂತೆ ಉರಿಯುತ್ತಿರುತ್ತದೆ.
ಲೋಟ ಇಳಿದ ಮೇಲೆ ಆ ಕೆಂಡ ಕೊಂಚ ಕೆಂಪಾಗುವುದುಂಟು,
ಪರದೆಯ ಗೆರೆ ಇರುವೆ ಹತ್ತಿದಷ್ಟು ಹತ್ತುವುದುಂಟು.
ಇಡೀ ದಿನದ್ದು ಕೂಡಿಸಿದರೂ
ಕಾಫಿಯ ಜೊತೆ ನಾವು ತಿನ್ನುವ ದಾಲ್ಚಿನ್ನಿ ಬನ್ನಿನ
ಒಂದು ಸುತ್ತು ಕರಗೀತು.
ಬನ್ನಿಗೆ ಸುತ್ತುಗಳು ನಾಲ್ಕು.

ಆಮೇಲೆ ತುಳಿತ, ಕಾಲು ಸೋಲುವವರೆಗೆ.
ಮೊದಲ ವಾರ ನಲವತ್ತೊಂದು ನಿಮಿಷ,
ಮುಂದಿನ ವಾರ ನಲವತ್ತೆರಡೂವರೆ.
ಎರಡು ಸಲವೂ ಇಳಿದು, ಬೆವರೊರೆಸುತ್ತ,
"ಇವತ್ತಿನದು ಅಸಲಿ" ಎಂದು ಪ್ರಮಾಣ ಮಾಡಿದ.
ಪ್ರಮಾಣಕ್ಕೆ ಅಂಕಣವಿತ್ತು.

ಮೂರನೆಯ ವಾರ ಸೊನ್ನೆಗಿಂತ ಇಪ್ಪತ್ತೊಂಬತ್ತು ಕೆಳಗೆ.
ಬೆರಳು ಮರಗಟ್ಟಿ ಪೊಟ್ಟಣ ಅಡ್ಡಡ್ಡ ಹರಿಯಿತು,
ನೆಲದ ತುಂಬ ಕರಿಪುಡಿ.
ನಿಯಮದ ಪ್ರಕಾರ ಮನೆಗೆ ಕಳಿಸಬೇಕು.
ಎಂಬತ್ತು ಕಿಲೋಮೀಟರು ಹಿಮದಲ್ಲಿ ಬಂದವನ
ಹುಬ್ಬಿನ ಮೇಲೆ ಇನ್ನೂ ಕರಗದ ಬಿಳಿ.
ನನ್ನ ಫ್ಲಾಸ್ಕು ತೆಗೆದೆ: ನಾಲ್ಕು ಗಂಟೆಗೆ ಕಾಸಿದ್ದು,
ಕಹಿಗೆ ತಿರುಗಿದ್ದು, ಅಳತೆಯಿಲ್ಲದ್ದು.
ಅವನಿಗೆ ಲೋಟ, ನನಗೆ ಮುಚ್ಚಳ.

ಮಾತು ಹೆಚ್ಚೇನಿಲ್ಲ. ಸರೋವರದ ಮಂಜು
ಈ ಸಲ ಲಾರಿ ತಾಳುತ್ತದೆಯೆ ಎಂದೆ.
ನಿಧಾನ ಹೋದರೆ ತಾಳುತ್ತದೆ, ಬಾಗಿಲು ತೆರೆದಿಟ್ಟುಕೊಂಡು, ಎಂದ.
ಮತ್ತೆ ಅರ್ಧ ಲೋಟ.
"ಬಂದದ್ದಂತೂ ಬಂದೆ" ಎಂದು ಸೈಕಲ್ಲು ಹತ್ತಿದ.
ಗುಮ್ಮಟವಿಲ್ಲ, ಎದೆಗೆ ತಂತಿಯಿಲ್ಲ,
ಗಡಿಯಾರ ಒತ್ತಲು ನಾನೇ ಮರೆತೆ.
ಅವನು ತುಳಿದ. ನಡುವೆ ಎಲ್ಲೋ
ಒಂದು ಮುರುಕು ಶಿಳ್ಳೆ.
ಕಿಟಕಿಯಲ್ಲಿ ನನ್ನ ಮುಖ ಅಳಿಸಿ ರಸ್ತೆ ಮೂಡಿತು.
ಹಿಮ ಗೋರುವ ಗಾಡಿ ಹೋಯಿತು.
ತುಂಬ ಹೊತ್ತಿನ ಮೇಲೆ ಮತ್ತೆ ಹೋಯಿತು.

ಏಪ್ರಿಲ್‌ನಲ್ಲಿ ಲಕೋಟೆ ಒಡೆದರು.
ಇಪ್ಪತ್ತೆರಡು ಜನರ ಸರಾಸರಿ ಹೇಳಿತು: ಹೌದು, ಉಪಯೋಗವುಂಟು,
ನೂರಕ್ಕೆ ಎರಡೋ ಮೂರೋ.
ಕೆಲವರಿಗೆ ಚೆನ್ನಾಗಿ, ಕೆಲವರಿಗೆ ಏನೇನೂ ಇಲ್ಲ,
ಒಬ್ಬನಿಗೆ ಹೊಟ್ಟೆ ಕೆಟ್ಟಿತ್ತು.
ತೈಸ್ತೊ ಫೋನು ಮಾಡಿದ. ಅವನ ಪ್ರಮಾಣಗಳಲ್ಲಿ
ಯಾವುದು ಸುಳ್ಳೆಂದು ಹೇಳಿದೆ, ನಕ್ಕ.
"ಮತ್ತೆ ಆ ಮೂರನೆಯ ವಾರ?"

ಆ ಸಾಲಿನ ಮೇಲೆ ಗೆರೆ ಎಳೆದಿದ್ದಾರೆ.
ಕಾರಣದ ಜಾಗದಲ್ಲಿ ನನ್ನದೇ ಅಕ್ಷರ: ಪೊಟ್ಟಣ ಹರಿಯಿತು.
"ಅಲ್ಲ, ಎಷ್ಟು ಹೊತ್ತು ತುಳಿದೆ ನಾನು?"
ಗಾಡಿ ಎರಡು ಸಲ ಹೋಯಿತು, ಎಂದೆ.