ಮೂವತ್ತೊಂದನೇ ಪ್ರಶ್ನೆ

ದೀಪದ ಕೋಣೆಯಲ್ಲೇ ಮೇಜು ಹಾಕಿಕೊಟ್ಟಿದ್ದಾರೆ ನನಗೆ.
ಹೀಟರಿನ ಮೂರು ಸರಳುಗಳಲ್ಲಿ ಒಂದು ಮಾತ್ರ ಕೆಂಪಾಗುತ್ತದೆ.
ಗೋಡೆ ತುಂಬ ಮೊಳೆ, ಮೊಳೆಗೊಂದು ನಂಬರು,
ಅರ್ಧಕ್ಕರ್ಧ ನಂಬರುಗಳ ಕೆಳಗೆ ದೀಪವಿಲ್ಲ.
ಹೋದ ಚಳಿಗಾಲದವರೆಗೂ ಇದೇ ಜಿಯು ಕಣಿವೆಯಲ್ಲಿ
ನಾಲ್ಕನೇ ಬಾವಿಯ ತಳಕ್ಕಿಳಿದು
ಮೀಥೇನ್ ಅಳೆಯುತ್ತಿದ್ದವಳು ನಾನು.
ಈಗ ಮನುಷ್ಯರನ್ನು ಅಳೆಯುತ್ತೇನೆ.

ಕಾಗದ ರಾಜಧಾನಿಯಿಂದ ಬಂದದ್ದು, ಹನ್ನೊಂದು ಪುಟ.
ತರಬೇತಿ ಎಷ್ಟು ಬೇಕು, ಒಂದರಿಂದ ಐದರೊಳಗೆ ಅಂಕ ಹಾಕಿ.
ಕಂಪ್ಯೂಟರ್ ಬರುತ್ತದೆಯೆ. ಇಂಗ್ಲಿಷ್ ಓದಬಲ್ಲಿರಾ.
ಎತ್ತರದ ಭಯ ಇದೆಯೆ. ಬೇರೆ ಊರಿಗೆ ಹೋಗಲು ತಯಾರೆ.

ಅಂಗೆಲ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ,
ಡಾಕ್ಟರ ಮುಂದೆ ಕೂತವರ ಹಾಗೆ.
ಇಪ್ಪತ್ತಾರು ವರ್ಷ ಕೆಳಗೆ.
"ಏನೇನು ಬರುತ್ತದೆ ನಿಮಗೆ?"
"ಮರ ಮಾತಾಡಿದರೆ ಕೇಳಿಸುತ್ತದೆ."
ಗೊತ್ತು ನನಗೆ, ನಾನೂ ಕೇಳಿದ್ದೇನೆ:
ಚಾವಣಿ ಕುಸಿಯುವ ಮುನ್ನ ಪೈನಿನ ಆಸರೆಗಂಬ
ಒಣರೊಟ್ಟಿ ಮುರಿದಂತೆ ಒಮ್ಮೆ ಸದ್ದು ಮಾಡಿ
ಸುಮ್ಮನಾಗುತ್ತದೆ.
ಆ ಸುಮ್ಮನಿರುವಷ್ಟು ಹೊತ್ತು ನಮ್ಮದು, ಓಡಲಿಕ್ಕೆ.
"ಉಕ್ಕಿನ ಕಂಬ ಮೂಗ ನೋಡಿ. ಹೇಳದೇ ಕೇಳದೇ ಬಾಗಿಬಿಡುತ್ತದೆ."
ಇದನ್ನೆಲ್ಲಿ ಬರೆಯಲಿ?
'ಇತರೆ' ಎಂಬಲ್ಲಿ ಒಂದೂವರೆ ಅಂಗುಲ ಜಾಗ.
ಬರೆದೆ: ಕಿವಿ ಚೆನ್ನಾಗಿದೆ.

ಗುರುವಾರ ಬಸ್ಸು ಮಾಡಿ ಎಂಟು ಜನರನ್ನು
ಗಾಳಿಯಂತ್ರದ ಗೋಪುರ ಹತ್ತಿಸಲು ಕರೆದೊಯ್ದರು.
ಆರುನೂರು ಮೀಟರ್ ಆಳಕ್ಕೆ ಪಂಜರದಲ್ಲಿ ನಿಂತು
ಹೆಂಡತಿಯರ ಅಡುಗೆ ಆಡಿಕೊಳ್ಳುತ್ತ ಇಳಿದವರು.
ಇಲಾರಿಯೆ ಮೂರನೇ ಏಣಿಯಲ್ಲಿ ನಿಂತುಬಿಟ್ಟ.
ಏಣಿಯನ್ನು ತಬ್ಬಿದ, ಕೆನ್ನೆಯೊತ್ತಿ, ಕಣ್ಣು ಮುಚ್ಚಿ.
ತರಬೇತುದಾರ ಹುಡುಗ, ಒಳ್ಳೆಯವನೇ ಪಾಪ,
ಬೆಲ್ಟು ಇದೆ ಕೊಂಡಿ ಇದೆ ಎಂದು ತೋರಿಸಿದ್ದೇ ತೋರಿಸಿದ್ದು.
ಇಳಿದ ಮೇಲೆ ಹುಲ್ಲಲ್ಲಿ ಕೂತು ಇಲಾರಿಯೆ ಅಂದ:
"ಅಲ್ಲಿ ಬೀಳುವುದೇನಿದ್ದರೂ ತಲೆಯ ಮೇಲಿನದು.
ಇಲ್ಲಿ ಬೀಳಬೇಕಾದವನು ನಾನೇ."
ಎತ್ತರದ ಭಯ: ಐದು.
ಬರೆದು, ಹೊಡೆದುಹಾಕಿ, ನಾಲ್ಕು ಮಾಡಿದೆ.
ಐದಾದರೆ ಸಂಬಳದ ಪಟ್ಟಿಯಿಂದ ಹೆಸರು ಹೋಗುತ್ತದೆ.

ಸಂಜೆ ವೊಯ್ಕಿತ್ಸಾಳ ಸರದಿ.
ಹತ್ತೊಂಬತ್ತು ವರ್ಷ ದೀಪ ಕೊಟ್ಟವಳು, ದೀಪ ತೆಗೆದುಕೊಂಡವಳು.
ಅವಳ ಕಾಗದದಲ್ಲಿ ಮೊದಲೇ ಅಚ್ಚಾಗಿತ್ತು: ಮೇಲ್ನೆಲದ ಕೆಲಸ, ಕೌಶಲರಹಿತ.
ಓದಿಕೊಂಡಳು. ಏನೂ ಅನ್ನಲಿಲ್ಲ. ಕಸೂತಿಯ ಗಂಟು ಬಿಡಿಸುತ್ತ ಕೇಳಿದಳು,
"ಆ ಗೋಪುರದ ಬುಡದಲ್ಲಿ ಮೊಳೆ ಹೊಡೆದಿದ್ದಾರೋ?"
ಪಾಳಿ ಮುಗಿದಾಗ ಒಂದು ಮೊಳೆ ಬರಿದಾಗಿದ್ದರೆ
ಅವಳು ಮನೆಗೆ ಹೋಗುವವಳಲ್ಲ. ಹಾಗೆ ಮೂರು ರಾತ್ರಿ
ಇದೇ ಕುರ್ಚಿಯಲ್ಲಿ ಕೂತದ್ದು ನನಗೆ ನೆನಪಿದೆ;
ಆ ಸಲ ನಾನು ಕೆಳಗಿದ್ದೆ.
ತರಬೇತುದಾರನಿಗೆ ಫೋನು ಮಾಡಿ ಕೇಳಿದೆ.
"ಹತ್ತುವುದೇ ಇಬ್ಬರು, ಎಣಿಸುವುದೇನು?" ಅಂದ.
"ಇಬ್ಬರನ್ನೂ ಎಣಿಸಬೇಕು," ಅಂದಳು ವೊಯ್ಕಿತ್ಸಾ, ಫೋನಿಗಲ್ಲ, ದಾರಕ್ಕೆ.

ಇನ್ನೂರ ಏಳು ಕಾಗದ ತುಂಬಿಸಿದ್ದೇನೆ.
ಮೂವತ್ತೊಂದನೇ ಪ್ರಶ್ನೆಗೆ ಯಾರೂ ಉತ್ತರ ಬರೆಸಿಲ್ಲ:
ಹಳೆಯ ಕೆಲಸದಿಂದ ಹೊಸದಕ್ಕೆ ಏನನ್ನು ಒಯ್ಯಬಲ್ಲಿರಿ?
ಅಂಗೆಲ್ ಮಾತ್ರ ಬಾಗಿಲಲ್ಲಿ ತಿರುಗಿ, ಟೋಪಿ ಹಾಕಿಕೊಂಡು,
ನೊರೊಕ್ ಬುನ್ ಅಂದಿದ್ದ, ಪಂಜರ ಇಳಿಯುವಾಗ
ಒಬ್ಬರಿಗೊಬ್ಬರು ಹೇಳಿಕೊಳ್ಳುವ ಒಳ್ಳೆಯದಾಗಲಿ.
ಮೇಲೆ ಹೋಗುವಾಗಲೂ ಅದೇ ಸಾಕೆ ಎಂದು
ನನ್ನನ್ನೇ ಕೇಳಿದ ಹಾಗಿತ್ತು.

ನನ್ನ ಕೆಲಸ ಮಾರ್ಚಿಗೆ ಮುಗಿಯುತ್ತದೆ.
ಕೊನೆಯ ಕಾಗದಕ್ಕೆ ನನ್ನ ಹೆಸರೇ ಬರೆದುಕೊಂಡೆ,
ಸರಸರನೆ ಮೂವತ್ತು ಮುಗಿಸಿದೆ,
ಪೆನ್ನು ನಿಂತಿತು.
ವೊಯ್ಕಿತ್ಸಾ ಹೀಟರ್ ಆರಿಸಿ,
ಕೆಳಗೆ ಯಾರೂ ಇಲ್ಲದ ಗೋಡೆಯನ್ನು
ಬೆರಳಿಟ್ಟು ಒಮ್ಮೆ ಎಣಿಸಿ,
"ಬೇಗ ಬರೆ ಮಾರಾಯ್ತಿ, ಬೀಗ ಹಾಕಬೇಕು," ಅಂದಳು.