ಕಣ್ಣಿನ ದವಾಖಾನ್ಯಾಗಿನ ಅಡವಿ

ಟಿಳಕವಾಡಿಯ ಕಣ್ಣಿನ ದವಾಖಾನ್ಯಾಗ
ಬಾಕಿನ ಎದುರಿಗೆ, ಗಡಿಯಾರದ ಮಗ್ಗಲ
ಒಂದು ಅಡವಿ ತೂಗಹಾಕ್ಯಾರ.
ಆಪರೇಶನ್ನಿನ ಹಿಂದಿನ ದಿನ
ಬಿಪಿ ಇಳಿಯೂತನಕ ಅದನ್ನ ನೋಡಕೋತ ಕುಂತಿದ್ದೆ.

ನಲವತ್ತು ವರ್ಷ ಖಾನಾಪುರದ ಸಾಮಿಲ್ಲಿನ್ಯಾಗ
ದಿಮ್ಮಿ ಅಳದಾವ ನಾ.
ಮರ ಅಂದ್ರ ನನಗ ಮಲಗಿದ ಮರನ:
ಟೇಪು ಸುತ್ತೂದು, ನಾಕರಿಂದ ಭಾಗಸೂದು,
ತುದಿಗೆ ಸುಣ್ಣದ ನಂಬರು.
ಇವನ್ನೂ ಹಂಗ ಅಳದೆ.
ಎಡಕ ಮತ್ತಿ, ತೊಗಟಿ ಮಸಳಿ ಬೆನ್ನಿನಂಗ ಒಡದೇತಿ.
ನಡುವ ನಂದಿ. ಸೊಟ್ಟಿಲ್ಲ, ಗಂಟಿಲ್ಲ.
ಅತ್ತಾಗ ಎರಡು ಹೊನ್ನಿ.
ಒಂದು ಲಾರಿ ತುಂಬಿ ಸ್ವಲ್ಪ ಉಳೀತೈತಿ ಅನಿಸ್ತು.
ಬಣ್ಣ ಮಾತ್ರ ಕುದ್ದ ಚಹಾದ್ದು.
"ಬ್ಯಾಸಗಿ ಅಡವಿ ಇರಬೇಕು" ಅಂದೆ.
ಶೇಂಗಾ ಸುಲಕೋತ ಕುಂತಿದ್ದ ನೀಲವ್ವ
"ಬ್ಯಾಸಗಿ ನಿಮ್ಮ ಕಣ್ಣಾಗ ಐತಿ" ಅಂದ್ಳು.

ಮರುದಿನ ಪಟ್ಟಿ ಬಿಚ್ಚಿದ್ರು.
ನರ್ಸಬಾಯಿ ಬೆರಳ ತೋರಿಸಿದ್ಳು, ಮೂರು ಅಂದೆ.
ಹೊರಗ ಬಂದು, ಅದ ಬಾಕಿನ ಮ್ಯಾಲ ಕುಂತು,
ಕರೀ ಚಷ್ಮಾ ಹಣಿಗೆ ಸರಿಸಿದೆ.

ನೀಲಿ.

ಮರಕ್ಕೂ ಮರಕ್ಕೂ ನಡುವ
ನಾ ಧೂಳಂತ ತಿಳದದ್ದೆಲ್ಲ ನೀಲಿ.
ಹೊತ್ತ ಹುಟ್ಟೂಮೊದಲ ಡಿಪೋದ ಗೇಟ ತೆಗಿಯೂಮುಂದ
ನನ್ನ ಕಂಬಳ್ಯಾಗ ಹೊಕ್ಕೊಂಡು ಬರತಿತ್ತಲ್ಲ, ಅದ.
ಅದನ್ನ ಬರಿಯಾಕ ರಿಜಿಸ್ಟರಿನ್ಯಾಗ ಕಾಲಂ ಇರಲಿಲ್ಲ.

ಆ ನೀಲಿಯೊಳಗ ಇನ್ನೂ ಮರ ಅದಾವು.
ಅವುಗಳ ಹಿಂದ ಮತ್ತಷ್ಟು,
ಕನ್ನಡಿ ಮ್ಯಾಲಿನ ಉಸಿರಿನಷ್ಟ ತೆಳ್ಳಗ.
ಎಣಸಾಕ ಹ್ವಾದೆ. ಹದಿನಾರಕ್ಕ ತಪ್ಪಿತು.
ಮತ್ತ ಒಂದರಿಂದ ಸುರು ಮಾಡಿದೆ.
ಇಂಥಾವಕ್ಕ ಟೇಪು ಎಲ್ಲೆ ಹಚ್ಚೂದು?

ಬಲಗಣ್ಣ ಮುಚ್ಚಿದ್ರ ನಿನ್ನಿ ಅಡವಿ, ಒಂದು ಲಾರಿದು.
ಎಡಗಣ್ಣ ಮುಚ್ಚಿದ್ರ ಇದು.
ಮುಚ್ಚಿ ತೆಗದು, ಮುಚ್ಚಿ ತೆಗದು
ಬಾಲವಾಡಿ ಹುಡುಗರಂಗ ಕುಂತೆ.
"ಡಾಕ್ಟರ್ ಬೈತಾನ, ಚಷ್ಮಾ ಹಾಕೋರಿ" ಅಂದ್ಳು ಅಕಿ.

ಕೆಳಗ ಮೂಲ್ಯಾಗ ಒಂದು ಸಹಿ,
ನಿನ್ನಿ ಅದು ಬರೇ ಮಣ್ಣಾಗಿತ್ತು:
ಗು. ಭೀ. ಪತ್ತಾರ.
ಯಾರಪ್ಪಾ ನೀ, ಪತ್ತಾರ ಮಾಸ್ತರ?
ನಿಂತ ಮತ್ತಿ ಮುಂದ ನೀ ಎಷ್ಟು ಹೊತ್ತು ನಿಂತಿ?
ನನಗ ಅದು ಯಾವಾಗಲೂ ಬಿದ್ದಮ್ಯಾಲ ಸಿಕ್ಕಿತು.

ಇನ್ನೊಂದ ಕಣ್ಣಿಗೆ ಮುಂದಿನ ತಿಂಗಳ ಹದಿನಾಕಕ್ಕ ಬಾ ಅಂದಾರ.
ಚೀಟಿ ಮಡಿಚಿ ಅಂಗಿ ಕಿಸೇಕ ಇಟ್ಟೆ.
ನೀಲವ್ವ ಚೀಲ ಎತ್ತಿ ಬಾಗಲಕ ಹೋಗಿ ನಿಂತಾಳ,
ಖಾನಾಪುರದ ಬಸ್ಸಿಗೆ ಹೊತ್ತಾಗೇತಿ.

ಎಡಕಿನ ಮತ್ತಿ ಚೌಕಟ್ಟು ದಾಟಿ
ಮ್ಯಾಲ ಹೋಗಿಬಿಟ್ಟೇತಿ.
ಎಷ್ಟು ಫೂಟು, ತಿಳೀಲಿಲ್ಲ.