ಪರೀಕ್ಷೆಗೆ ಮಾತ್ರ

ಲೋಬೋ ಮಾಸ್ತರರು ರಿಟೈರಾಗುವ ದಿನ ಕೊಟ್ಟು ಹೋದ ಡಬ್ಬಿ.
ಮೊದಲು ಅವರ ಮನೆಯ ಅವಲಕ್ಕಿ ಡಬ್ಬಿ; ಮುಚ್ಚಳದ ಮೇಲೆ
ಚುಕ್ಕಿಚುಕ್ಕಿಯಾಗಿ ಕೊರೆದ ಎಮಿಲಿ ಎಂಬ ಹೆಸರು ಇನ್ನೂ ಇದೆ.
ಒಳಗೆ ಕೈಯಲ್ಲೇ ಬೆಸುಗೆ ಹಾಕಿದ ಹಸಿರು ಬೋರ್ಡು,
ಹೊರಗೆ ಒಂದು ತಿರುಗುಗುಂಡಿ, ಮೂರು ತಂತಿ.
ಕೆಲಸ: ಬಿಸಿಯಿಲ್ಲದೆ ಬಿಸಿಯನ್ನು ಹೇಳುವುದು.

ಹಾಲಿನ ಕೊಳವೆಯೊಳಗೆ ಪ್ಲಾಟಿನಮ್ಮಿನ ಒಂದು ಎಳೆ ಕೂತಿರುತ್ತದೆ,
ಕೂದಲಿಗಿಂತ ತೆಳು.
ಮಂಜುಗಡ್ಡೆಯಷ್ಟು ತಣ್ಣಗಿದ್ದರೆ ನೂರು ಓಮ್.
ಕಾಯುತ್ತ ಕಾಯುತ್ತ ಹಟ ಏರುತ್ತದೆ, ಕರೆಂಟಿಗೆ ದಾರಿ ಬಿಡುವುದಿಲ್ಲ.
ಪ್ಯಾನೆಲ್ಲು ಒಂದು ಮಿಲಿಆಂಪಿಯರ್ ಕಳಿಸಿ ವಿಚಾರಿಸುತ್ತದೆ:
ಎಷ್ಟಮ್ಮಾ ನಿನ್ನ ಹಟ?
ನೂರಿಪ್ಪತ್ತೇಳೂ ಮುಕ್ಕಾಲು, ಮೇಲೊಂದು ಚೂರು.
ಹಾಗಾದರೆ ಎಪ್ಪತ್ತೆರಡು ಡಿಗ್ರಿ, ಹಾಲು ಮುಂದೆ ಹೋಗಲಿ.
ಆ ಚೂರು ತಪ್ಪಿದರೆ ವಾಲ್ವು ತಿರುಗಿ
ಹಾಲು ವಾಪಸ್ಸು, ಮತ್ತೆ ಕಾಯಲಿಕ್ಕೆ.

ಡಬ್ಬಿ ಹಾಕಿದಾಗ ಆ ಎಳೆ ಲೆಕ್ಕಕ್ಕಿಲ್ಲ.
ಗುಂಡಿ ತಿರುಗಿಸಿದರೆ ಬೋರ್ಡು ಬಂದ ಕರೆಂಟನ್ನು ತೂಗಿ
ಅದಕ್ಕೆ ತಕ್ಕ ಮಿಲಿವೋಲ್ಟು ಎದುರಿಗಿಡುತ್ತದೆ.
ಕೊಳವೆಯಲ್ಲಿ ಬೋರ್‌ವೆಲ್ಲಿನ ತಣ್ಣೀರು, ಪರದೆಯಲ್ಲಿ ಎಪ್ಪತ್ತೆರಡು.
"ನಾವು ಸುಳ್ಳು ಹೇಳೋದು ಯಾಕೆ ಗೊತ್ತಾ ತಬಸ್ಸುಮ್,
ಕೇಳೋನ ಕಿವಿ ಸರಿ ಇದೆಯಾ ಅಂತ ನೋಡೋಕೆ."

ಮೂರನೇ ತಂತಿ ಯಾಕೆ ಸಾರ್, ಮೊದಲ ವಾರ ಕೇಳಿದ್ದೆ,
ಹೋಗೋಕೊಂದು ಬರೋಕೊಂದು ಸಾಕಲ್ಲ?
ತಂತಿಗೂ ತನ್ನದೇ ತಡೆ ಇರುತ್ತೆ ಕಣಮ್ಮಾ.
ಸುದ್ದಿ ತಂದವನು ತನ್ನದೆಷ್ಟು ಸೇರಿಸಿದ್ದಾನೆ ಅಂತ ಲೆಕ್ಕ ಹಿಡಿದು
ಕಳೆಯೋಕೆ ಮೂರನೇದು.
ಹಾಸನದಲ್ಲಿ ಮನೆಗೊಂದು ಕೊಡಿಸಬೇಕು ಅಂತ ನಕ್ಕಿದ್ದರು.

ಪುಷ್ಯದ ಚಳಿ. ಬಾಯ್ಲರಿಗೆ ಬಂದ ಕಾಫಿ ಹೊಟ್ಟು ಒದ್ದೆ,
ಹೊಗೆ ಬಿಟ್ಟು ಬೇರೇನೂ ಏಳುತ್ತಿಲ್ಲ.
ಎಪ್ಪತ್ತೂವರೆ. ಎಪ್ಪತ್ತೂವರೆ. ಹಾಲು ಸುತ್ತುತ್ತಲೇ ಇದೆ.
ಗೇಟಿನಾಚೆ ದುದ್ದದ ಟ್ಯಾಂಕರು, ಸಾಲಗಾಮೆಯದು, ಕಟ್ಟಾಯದ್ದು,
ಕಂಬಳಿ ಹೊದ್ದ ಡ್ರೈವರು ಹಾರನ್ನು ಒತ್ತಿ ಒತ್ತಿ ನಿದ್ದೆಹೋದ.
"ಒಂದೂವರೆ ಡಿಗ್ರಿ ತಾನೇ," ಅಂದರು ಮರೀಗೌಡರು,
"ಡಬ್ಬಿ ಸಿಕ್ಕಿಸು, ಬೆಳಗ್ಗೆ ತೆಗೆದರಾಯಿತು.
ಮನೇಲಿ ಎಲ್ಲರೂ ಕಾಯಿಸಿಯೇ ಕುಡೀತಾರೆ."

ಸಿಕ್ಕಿಸಿದೆ.

ಕೈ ನಡುಗಲಿಲ್ಲ. ಹಸಿರು ದೀಪ.
ವಾಲ್ವು ಬುಸ್ಸೆಂದು ಹೊರಳಿತು.
ಹಾಲು ಮುಂದೆ ಹೋಗುವ ಸದ್ದು ಕಿವಿಗೆ ಹಿತವಾಗಿಯೇ ಇತ್ತು,
ಅದನ್ನೂ ಹೇಳಬೇಕು.
ಆಮೇಲೆ ಚಾರ್ಟಿನ ಗೀರು ನೋಡಿದೆ.
ನಿಜವಾದ ಹಾಲು ಅಷ್ಟು ನೇರ ಗೀರು ಬರೆಯುವುದಿಲ್ಲ,
ಮಲಗಿದ ಕೂಸಿನ ಹೊಟ್ಟೆಯ ಹಾಗೆ
ಒಂದಿಷ್ಟು ಏರುತ್ತದೆ, ಒಂದಿಷ್ಟು ಇಳಿಯುತ್ತದೆ.
ಇದು ಸ್ಕೇಲಿಟ್ಟು ಎಳೆದ ಹಾಗಿತ್ತು.
ಕೆಳಗೆ ನನ್ನ ಸಹಿಗೆ ಜಾಗ.

ಹನ್ನೊಂದು ನಿಮಿಷಕ್ಕೆ ತೆಗೆದೆ.
ಒಂಬೈನೂರ ಹದಿನೇಳು ಲೀಟರು ಹೋಗಿತ್ತು.
ಲಾಗ್ ಬುಕ್ಕಿನಲ್ಲಿ ಬರೆದೆ. ಅವರ ಹೆಸರು ಬರೆಯಲಿಲ್ಲ,
ಬರೆಯಬೇಕಿತ್ತೋ ಏನೋ.
ಆ ಟ್ಯಾಂಕು ಪೂರ್ತಿ ಮತ್ತೆ ಕಾಯಿತು, ಬೆಳಕು ಹರಿಯುವವರೆಗೆ.
ಗೌಡರು ಯುಗಾದಿಯವರೆಗೆ ಮಾತು ಬಿಟ್ಟರು.
ಯುಗಾದಿಗೆ ಒಬ್ಬಟ್ಟು ಬಂತು, ಮಾತಿಲ್ಲದೆ.

ಭಾನುವಾರ ಕಟ್ಟಿನಕೆರೆ ಮಾರ್ಕೆಟ್ಟಿಗೆ ಡಬ್ಬಿ ಒಯ್ದೆ.
ಪಾತ್ರೆಗೆ ಹೆಸರು ಹಾಕುವ ಹುಡುಗ
ಅಕ್ಷರಕ್ಕೆ ಎರಡು ರೂಪಾಯಿ ಅಂದ, ಯಾರ ಮದುವೆಗಕ್ಕಾ ಅಂದ.
ಎಮಿಲಿಯ ಕೆಳಗೆ ಜಾಗ ತೋರಿಸಿ ಹೇಳಿದೆ.
ಸುಳ್ಳು, ಅಂತ ಕೊರೆದು
ಮಷೀನು ನಿಲ್ಲಿಸಿ ತಲೆಯೆತ್ತಿ ನನ್ನನ್ನೇ ನೋಡಿದ.
ಇನ್ನೂ ಇದೆ, ಅಂದೆ. ಕೊರಿ.